ಅಕ್ಕನ ಬಲಗೈಯಲ್ಲಿ ಲಿಂಗ ಉಳಿದದ್ದು

ಶಿವನನ್ನು ನಂಬಿ ಬದುಕುತ್ತಿರುವ ನಿಮ್ಮೆಲ್ಲರಿಗೂ ಹಿಂದೂಪುರದ ಗೌರಮ್ಮನ ಶರಣು. ನನ್ನ ಅಕ್ಕ ಬಸಮ್ಮ ಅನ್ನ ನುಂಗಲಾರದೆ ಹೋದ ಕಾಲದ ಸಂಗತಿ ಇದು. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಮನ್ನಿಸಿ.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗಿನ್ನೂ ಮೂರು ವರ್ಷ. ನನ್ನನ್ನು ಎತ್ತಿ ಆಡಿಸಿ, ಮದುವೆ ಮಾಡಿ ಹಿಂದೂಪುರಕ್ಕೆ ಕಳಿಸಿದವಳು ಅವಳೇ. ಗಂಡ ಹೋದ ಮೇಲೆ, ಮಕ್ಕಳೂ ಇಲ್ಲದ ಅವಳು ಕಲ್ಯಾಣದುರ್ಗದಲ್ಲಿ ಪುರಿ ಹುರಿಯುವ ಭಟ್ಟಿ ಇಟ್ಟುಕೊಂಡು ಯಾರ ಹಂಗಿಲ್ಲದೆ ಇದ್ದಳು.

ಎರಡನೇ ಮಹಾಯುದ್ಧ ಮುಗಿದು ಮೂರು ನಾಲ್ಕು ವರ್ಷ ಆಗಿತ್ತು. ಕಾರ್ತೀಕ ಮಾಸದಲ್ಲಿ ಅವಳ ಪಕ್ಕದ ಮನೆಯವರು ಕಾಗದ ಬರೆಸಿದರು, ನಿಮ್ಮಕ್ಕ ಊಟ ಬಿಟ್ಟಿದ್ದಾಳೆ, ಒಂದು ಸಲ ಬಂದು ನೋಡಿ ಅಂತ. ನಾನೂ ನಮ್ಮ ಯಜಮಾನರೂ ಹೊರಟೆವು. ಸೋಮಂದೇಪಲ್ಲಿ, ಪೆನುಕೊಂಡ ದಾಟಿ ಬಸ್ಸು ಬದಲಾಯಿಸಿ, ಕಂಬದೂರಿನ ಮೇಲೆ ಹೋಗಬೇಕು. ಏರು ಬಂದರೆ ಎಲ್ಲರನ್ನೂ ಇಳಿಸಿ ನಡೆಸುವ ಇದ್ದಿಲಿನ ಬಸ್ಸು. ಮುಟ್ಟುವ ಹೊತ್ತಿಗೆ ಸಂಜೆ.

ಅಕ್ಕನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಯುಗಾದಿಯಿಂದಲೇ ರೊಟ್ಟಿ ಎದೆಯಲ್ಲಿ ನಿಲ್ಲುತ್ತಿತ್ತಂತೆ. ಹಾಲಲ್ಲಿ ನೆನೆಸಿ ತಿಂದಳಂತೆ. ಆಮೇಲೆ ಗಂಜಿ, ಆಮೇಲೆ ಗಂಜಿಯ ತಿಳಿ. ಆರು ತಿಂಗಳು ಕಷಾಯ ಕುಡಿದು, ದೃಷ್ಟಿ ತೆಗೆಸಿಕೊಂಡು ಕಾಲ ಕಳೆದಿದ್ದಾಳೆ. ಯಾಕೆ ಹೇಳಿ ಕಳಿಸಲಿಲ್ಲ ಅಂದಿದ್ದಕ್ಕೆ, ನಿನಗೂ ಮನೆ ಮಠ ಇಲ್ಲವೇ ಅಂದಳು, ಅಷ್ಟೇ.

ಅವಳನ್ನು ನಮ್ಮೂರಿಗೆ ಕರೆತಂದೆವು. ಹಿಂದೂಪುರದ ಡಾಕ್ಟರು ಒಂದೇ ಸಲ ನೋಡಿ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ಆಸ್ಪತ್ರೆಯಲ್ಲಿ ಸುಣ್ಣದ ತಿಳಿಯಂಥ ಬಿಳೀ ನೀರು ಕುಡಿಸಿ ಎಕ್ಸ್‌ರೇ ತೆಗೆದರು. ಅನ್ನನಾಳ ಜಠರಕ್ಕೆ ಸೇರುವ ಕಡೆ ಕ್ಯಾನ್ಸರ್ ಗಡ್ಡೆ ಅಂದರು. ಆ ಮಾತು ನಾನು ಕೇಳಿದ್ದು ಅದೇ ಮೊದಲು. ತೆಗೆಯುವುದು ತಮ್ಮಲ್ಲಿ ಆಗುವುದಿಲ್ಲ, ಬೇಕಾದರೆ ಹೊಟ್ಟೆಗೆ ತೂತು ಮಾಡಿ ರಬ್ಬರ್ ಕೊಳವೆ ಇಟ್ಟು ಹಾಲು ಹಾಕಬಹುದು ಅಂದರು. ಅಕ್ಕ ಒಪ್ಪಲಿಲ್ಲ.

ಊರಿಗೆ ಹೊರಡಲು ಗಂಟು ಕಟ್ಟುತ್ತಿದ್ದಾಗ ಅಲ್ಲಿನ ಹಿರಿಯ ಡಾಕ್ಟರೊಬ್ಬರು ಫಿಲಮ್ಮನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿ, ನಮ್ಮನ್ನು ಕರೆಸಿದರು. ಮದರಾಸಿನಲ್ಲಿ ಒಬ್ಬ ಸರ್ಜನ್ನರು ಈ ಒಂದೇ ಕೆಲಸ ಕಲಿತು ಬಂದಿದ್ದಾರೆ, ಪಕ್ಕೆಲುಬಿನ ನಡುವೆ ಎದೆ ಬಿಡಿಸಿ ಗಡ್ಡೆ ಇರುವ ಭಾಗ ತೆಗೆದು, ಜಠರವನ್ನೇ ಮೇಲಕ್ಕೆಳೆದು ಜೋಡಿಸುತ್ತಾರೆ, ಬದುಕಿದವರೂ ಇದ್ದಾರೆ, ಬದುಕದವರೂ ಇದ್ದಾರೆ ಅಂದರು. ಅಕ್ಕ ಹೋಗೋಣ ಅಂದಳು. ಮದರಾಸಿನವರೆಗೂ ರೈಲಿನಲ್ಲಿ ಚಮಚದಲ್ಲಿ ನೀರು ಬಿಡುತ್ತಾ ಕೂತಿದ್ದೆ. ಅದೂ ಅರ್ಧ ವಾಪಸ್ಸು ಬರುತ್ತಿತ್ತು.

ಮದರಾಸಿನಲ್ಲಿ ಹದಿನೈದು ದಿನ ಸೂಜಿಯಲ್ಲೇ ಶಕ್ತಿ ತುಂಬಿದರು. ನನ್ನ ರಕ್ತ, ಯಜಮಾನರ ರಕ್ತ ಎರಡೂ ಹೊಂದಿದವು, ಬಾಟಲಿಗೆ ತೆಗೆದಿಟ್ಟರು. ನಾನು ವರಾಂಡದ ಕಲ್ಲಿನ ಮೇಲೆ ಮಲಗಿ ಏಳುತ್ತಿದ್ದೆ. ಹೊಟ್ಟೆಗೆ ಏನು ತಿಂದೆ ಅನ್ನುವುದೂ ನೆನಪಿಲ್ಲ.

ಆಪರೇಷನ್ನಿನ ಹಿಂದಿನ ದಿನ ನರ್ಸಮ್ಮ ಬಂದು ತೆಲುಗಿನಲ್ಲಿ ಹೇಳಿದರು, ಮೈಮೇಲೆ ಏನೂ ಇರಬಾರದು, ಕೊರಳಿನದೂ ತೆಗೆಯಬೇಕು ಅಂತ. ಅಕ್ಕ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹುಟ್ಟಿದ ಮಗುವಿಗೆ ಕಟ್ಟಿದ ಲಿಂಗ ಸಾಯುವವರೆಗೆ ಮೈಯಿಂದ ಅಗಲಬಾರದು ಅನ್ನುವುದು ನಿಮಗೆಲ್ಲ ಗೊತ್ತಿದ್ದದ್ದೇ. ನರ್ಸಮ್ಮನಿಗೆ ಅದು ಗೊತ್ತಿಲ್ಲ. ಅವರದೂ ತಪ್ಪಲ್ಲ.

ಅವರು ಹೋದ ಮೇಲೆ ಅಕ್ಕ ನನ್ನನ್ನು ಕರೆದು, "ಗೌರಿ, ಗಂಟು ಕಟ್ಟು, ಊರಿಗೆ ಹೋಗಾನ. ಸ್ವಾಮೀನ ತೆಗ್ದಿಟ್ಟು ಬದುಕಿ ನಾನೇನ್ ಮಾಡ್ಲಿ ಕಣಮ್ಮ" ಅಂದಳು.

ಮಧ್ಯಾಹ್ನವೆಲ್ಲ ಕಾಲು ಹಿಡಿದು ಬೇಡಿಕೊಂಡೆ. ಬೈದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಯಜಮಾನರು ನನ್ನನ್ನು ಹೊರಗೆ ಕರೆದು ಮೆಲ್ಲಗೆ ಒಂದು ಮಾತು ಹೇಳಿದರು. ಈಗ ಸುಮ್ಮನೆ ಒಪ್ಪಿಕೊಂಡಂತೆ ಮಾಡೋಣ, ಎಚ್ಚರ ತಪ್ಪಿಸಿದ ಮೇಲೆ ಆಸ್ಪತ್ರೆಯವರೇ ಬಿಚ್ಚಲಿ, ಎಚ್ಚರ ಆಗುವುದರೊಳಗೆ ನೀನು ಮತ್ತೆ ಕಟ್ಟಿಬಿಡು, ಅವಳಿಗೆ ತಿಳಿಯುವುದೇ ಇಲ್ಲ ಅಂದರು.

ನಾನು ಹೂಂ ಅಂದೆ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ಅಷ್ಟು ಸುಸ್ತಾಗಿದ್ದೆ. ಅಕ್ಕ ಉಳಿದರೆ ಸಾಕು, ಯಾವ ದಾರಿಯಾದರೂ ಸರಿ ಅನ್ನಿಸಿತ್ತು. ಆದರೆ ವರಾಂಡದಲ್ಲಿ ಒಬ್ಬಳೇ ಕೂತ ಮೇಲೆ ಯೋಚನೆ ಬಂತು. ಮೂರು ವರ್ಷದ ನನ್ನನ್ನು ಎದೆಗೆ ಕಟ್ಟಿಕೊಂಡು ಸಾಕಿದವಳಿಗೆ, ಎಚ್ಚರವಿಲ್ಲದಾಗ ಹಾಗೆ ಮಾಡಲೇ? ನನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಅಕ್ಕನನ್ನು ಉಳಿಸು ಅಂತ ಕೇಳಲು ಕೂಡ ತ್ರಾಣವಿರಲಿಲ್ಲ. ಅವಳಿಗೆ ಮೋಸ ಮಾಡುವ ಕೆಲಸ ನನ್ನ ಕೈಲಿ ಮಾಡಿಸಬೇಡ ತಂದೆ, ಬೇರೆ ಏನೂ ಕೇಳುವುದಿಲ್ಲ ಅಂದುಕೊಂಡೆ.

ಇನ್ನೂ ಬಿಸಿಲಿತ್ತು. ಆಪರೇಷನ್ನಿಗೆ ಎಚ್ಚರ ತಪ್ಪಿಸುವ ಮದ್ದು ಕೊಡುವ ಡಾಕ್ಟರಮ್ಮ ನಾಳೆಯ ರೋಗಿಯನ್ನು ನೋಡಲು ವಾರ್ಡಿಗೆ ಬಂದರು. ಕ್ರಿಸ್ತರವರು, ಮಲೆಯಾಳದ ಕಡೆಯವರು, ತೆಲುಗು ಅಷ್ಟಿಷ್ಟು ಬರುತ್ತಿತ್ತು. ನಾಡಿ ನೋಡಲು ಕೈ ಹಿಡಿದರೆ ಅಕ್ಕನ ಮುಷ್ಟಿ ಬಿಚ್ಚಲಿಲ್ಲ. ಏನಿದು ಅಂತ ಕೇಳಿದರು. ನಾನು ಅಳುತ್ತಾ ಎಲ್ಲ ಹೇಳಿದೆ. ಅವರು ಗಡಿಬಿಡಿ ಮಾಡದೆ ಕೇಳಿಸಿಕೊಂಡರು. ಸರ್ಜನ್ನರ ಹತ್ತಿರ ಹೋಗಿ ಮಾತಾಡಿ ವಾಪಸ್ಸು ಬಂದು, ಅಕ್ಕನ ಬಲಗೈ ಹಿಡಿದುಕೊಂಡರು.

"ಈ ಚೆಯ್ಯಿ ನಾ ದಗ್ಗರೇ ಉಂಟುಂದಮ್ಮಾ. ಇಂದುಲೋ ಕಟ್ಟುಕೋ" ಅಂದರು. ಈ ಕೈ ನನ್ನ ಹತ್ತಿರವೇ ಇರುತ್ತದೆ, ಇದರಲ್ಲಿ ಕಟ್ಟಿಕೋ ಅಂತ.

ಆಮೇಲೆ ಬಿಡಿಸಿ ಹೇಳಿದರು. ಬಲ ಮಗ್ಗುಲಿಗೆ ಮಲಗಿಸಿ ಎಡಗಡೆ ಪಕ್ಕೆ ಬಿಡಿಸುತ್ತಾರೆ, ಕೊರಳು ಎದೆ ಖಾಲಿ ಇದ್ದರೆ ಸಾಕು. ಬಲಗೈಯ ನಾಡಿ ಹಿಡಿದು ತಲೆಯ ಕಡೆ ಕೂರುವವಳು ನಾನೇ, ಬೇರೆ ಯಾರೂ ಮುಟ್ಟುವುದಿಲ್ಲ ಅಂದರು. ಲಿಂಗ ಸುತ್ತುವ ಬಟ್ಟೆಯನ್ನು ಮಾತ್ರ ಕುದಿಸಿ ಕೊಡುತ್ತೇವೆ ಅಂದರು.

ಬೆಳಿಗ್ಗೆ ಅಕ್ಕ ತನ್ನ ಕೈಯಾರೆ ಲಿಂಗವನ್ನು ಆ ಬಟ್ಟೆಯಲ್ಲಿ ಸುತ್ತಿ ಅಂಗೈಯಲ್ಲಿಟ್ಟುಕೊಂಡಳು. ನಾನು ಮೇಲೆ ಪಟ್ಟಿ ಕಟ್ಟಿದೆ. "ಬತ್ತೀನಿ ಕಣಮ್ಮ" ಅಂದು ಹೋದಳು.

ಆರು ಗಂಟೆ ಹೊತ್ತು ಹಿಡಿಯಿತು. ಸರ್ಜನ್ನರು ಹೊರಗೆ ಬಂದಾಗ ಅವರ ಬೆನ್ನೂ ಬಾಗಿತ್ತು. ಗಡ್ಡೆ ಪೂರ್ತಿ ಬಂತು, ಜೋಡಿಸಿದ ಜಾಗ ಹತ್ತು ದಿನ ಸೋರದೆ ನಿಲ್ಲಬೇಕು ಅಂದರು. ಆ ಹತ್ತು ದಿನ ಪಕ್ಕೆಯ ಕೊಳವೆಯಿಂದ ಮಂಚದ ಕೆಳಗಿನ ಬಾಟಲಿಗೆ ನೀರು ಇಳಿಯುವುದನ್ನೇ ನೋಡುತ್ತಾ ಕೂತೆ. ನಾಲ್ಕನೇ ದಿನ ಜ್ವರ ಬಂದಾಗ ಮುಗಿಯಿತು ಅಂದುಕೊಂಡೆ. ಪೆನ್ಸಿಲಿನ್ ಸೂಜಿ ಹಾಕಿದರು, ಇಳಿಯಿತು. ಹನ್ನೊಂದನೇ ದಿನ ಒಂದು ಚಮಚ ನೀರು ಬಿಟ್ಟರು. ಅಕ್ಕ ನುಂಗಿದಳು. ಎಲ್ಲರೂ ಕಾದೆವು. ಹೊರಗೆ ಬರಲಿಲ್ಲ. ಅವಳ ಕಣ್ಣಲ್ಲಿ ನೀರು ಇಳಿಯಿತು, ನಾನು ಸೆರಗಿನಿಂದ ಒರೆಸಿದೆ.

ಇದಾಗಿ ಮೂರನೇ ವರ್ಷ ನಡೆಯುತ್ತಿದೆ. ಎಲ್ಲ ಮೊದಲಿನ ಹಾಗಾಯಿತು ಅಂದರೆ ಸುಳ್ಳಾದೀತು. ಅಕ್ಕ ಈಗ ನಮ್ಮ ಜೊತೆ ಹಿಂದೂಪುರದಲ್ಲಿದ್ದಾಳೆ. ಭಟ್ಟಿಯ ಕೆಲಸ ಆಗುವುದಿಲ್ಲ. ಮಗುವಿನಂತೆ ದಿನಕ್ಕೆ ಆರು ಸಲ ತುತ್ತು ತುತ್ತು ತಿನ್ನುತ್ತಾಳೆ, ಚಪ್ಪಟೆ ಮಲಗಿದರೆ ಉಂಡದ್ದು ಗಂಟಲಿಗೆ ಬರುತ್ತದೆಂದು ದಿಂಬಿಗೆ ಒರಗಿಯೇ ನಿದ್ದೆ ಮಾಡುತ್ತಾಳೆ. ರೋಗ ಮತ್ತೆ ಬರಬಹುದು ಅಂತಲೂ ಡಾಕ್ಟರು ಹೇಳಿದ್ದಾರೆ. ಅದನ್ನು ಅವಳೂ ಬಲ್ಲಳು. ನಿಮ್ಮ ಮನೆಯಲ್ಲಿ ಯಾರಿಗಾದರೂ ಅನ್ನ ಎದೆಯಲ್ಲಿ ನಿಲ್ಲುತ್ತಿದ್ದರೆ, ನಮ್ಮ ಹಾಗೆ ತಿಂಗಳುಗಟ್ಟಲೆ ಕಳೆಯಬೇಡಿ. ಹರಕೆಯನ್ನೂ ಹೊತ್ತುಕೊಳ್ಳಿ, ಆಸ್ಪತ್ರೆಗೂ ಹೋಗಿ.

ಈ ಶಿವರಾತ್ರಿಯ ದಿನ, ಆವತ್ತು ನಾವು ಮಾಡಬೇಕೆಂದಿದ್ದ ಮೋಸವನ್ನು ಅಕ್ಕನಿಗೆ ಹೇಳಿಬಿಟ್ಟೆ. ಮನಸ್ಸಿನಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಅವಳು ನನ್ನ ತಲೆ ಸವರಿದಳು.

"ನೀನು ಬಿಚ್ಚಿಸಿದ್ರೂ ನಾನು ನಿನ್ನ ಬಿಡ್ತಿರ್ಲಿಲ್ಲ ಕಣಮ್ಮ" ಅಂದಳು. "ಆದ್ರೆ ಆಮ್ಯಾಲೆ ನನ್ನ ಮಕ ನೋಡಾಕೆ ನಿನ್ಗೆ ಆಗ್ತಿರ್ಲಿಲ್ಲ. ಡಾಕ್ಟರು ನನ್ನ ಉಳಿಸಿದ್ರು. ಸ್ವಾಮಿ ಉಳಿಸಿದ್ದು ನಿನ್ನ."