ಅಕ್ಕನ ಪಾಲಿನ ಸಣ್ಣ ಬೋಗುಣಿ

ಮೊನ್ನೆ ಸಂಕ್ರಮಣದ ಬೆಳಿಗ್ಗೆ ಅಡುಗೆಮನೆಯ ಮಾಡದಿಂದ ಸ್ಟೀಲಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಏಲಕ್ಕಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಒಳಗೆ ಬೆಳ್ಳನೆಯ ಕುಸುರೆಳ್ಳು. ಕೈ ಹಾಕಿದರೆ ಎಳ್ಳಿನ ಮೇಲೆದ್ದ ಸಕ್ಕರೆಯ ಸಣ್ಣ ಸಣ್ಣ ಮುಳ್ಳು ಬೆರಳಿಗೆ ಚುಚ್ಚಿದವು. ಬೆರಳು ಹಾಗೆಯೇ ಒಳಗಿಟ್ಟುಕೊಂಡು ಎಷ್ಟು ಹೊತ್ತು ನಿಂತೆನೋ... ಸೊಸೆ ಬಂದು, "ಅತ್ತಿ, ಯಾಕ ಅಳಾಕತ್ತೀರಿ? ಇವತ್ತ ನಿಮ್ಮ ಮೊಮ್ಮಗಳ ಹಬ್ಬ ಐತಿ" ಎಂದಾಗಲೇ ನನಗೆ ಎಚ್ಚರ.

ಹೌದು, ನನ್ನ ಮೊಮ್ಮಗಳ ಹಬ್ಬ. ಸಣ್ಣ ಮಗನ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು! ನಮ್ಮ ಕಡೆ ಕೂಸಿನ ಮೊದಲ ಸಂಕ್ರಮಣಕ್ಕೆ ಕರಿ ಅಂಗಿ ತೊಡಿಸಿ, ಕುಸುರೆಳ್ಳು ಪೋಣಿಸಿದ ಹಾರ, ಬಳೆ, ಕಿರೀಟ ಹಾಕಿ, ತಲೆಯ ಮೇಲಿಂದ ಬೋರೆಹಣ್ಣು, ಕಬ್ಬಿನ ತುಂಡು, ಚುರುಮರಿ ಸುರಿಯುತ್ತಾರೆ. ಓಣಿಯ ಮಕ್ಕಳೆಲ್ಲ ಬಿದ್ದದ್ದನ್ನು ಆರಿಸಿಕೊಳ್ಳಲು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನನ್ನ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಹಾದಿಯಲ್ಲಿ ಹೋಗುವವರನ್ನೂ ಕರೆದು ಕೂಸಿನ ಮುಖ ತೋರಿಸಿದ್ದೆ. ಆದರೆ ಈ ಡಬ್ಬಿಯ ಎಳ್ಳಿಗೆ ಮೊದಲ ಪಾಕ ಹಾಕಿದ ಕೈ ಇರಲಿಲ್ಲ.

ಆಕೆ ನಮ್ಮ ಬಾಜೂಮನೆಯ ಅಕ್ಕ. ಮದುವೆಯಾಗಿ ನಾನು ಈ ಊರಿಗೆ ಬಂದಾಗ ಹಿತ್ತಿಲ ಗೋಡೆಯ ಮೇಲಿಂದ ಇಣುಕಿ, "ಏ ತಂಗಿ, ಉಂಡಿಯೇನ?" ಎಂದು ಕೇಳಿದ ಮೊದಲನೆಯವಳು. ಅವರು ಜೈನರು. ನೆಲದೊಳಗೆ ಬೆಳೆದದ್ದು ತಿನ್ನುವುದಿಲ್ಲ. ಹೊತ್ತು ಮುಳುಗಿದ ಮೇಲೆ ಅಕ್ಕ ಅನ್ನವಿರಲಿ, ನೀರನ್ನೂ ಮುಟ್ಟುತ್ತಿರಲಿಲ್ಲ.

ಸಂಕ್ರಮಣಕ್ಕೆ ಎಂಟು ದಿನ ಮೊದಲೇ ನಾವಿಬ್ಬರೂ ನಸುಕಿನ ಥಂಡಿಯಲ್ಲಿ ಶೇಗಡಿಯ ಮುಂದೆ ಕೂರುತ್ತಿದ್ದೆವು. ಸಣ್ಣ ಕೆಂಡದ ಮೇಲೆ ಪರಾತ, ಅದರಲ್ಲಿ ಎಳ್ಳು. ಒಬ್ಬಳು ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡಬೇಕು, ಇನ್ನೊಬ್ಬಳು ಬೆರಳಲ್ಲಿ ಆಡಿಸುತ್ತಲೇ ಇರಬೇಕು. ಅವಸರ ಮಾಡಿದರೆ ಮುಳ್ಳು ಏಳುವುದಿಲ್ಲ. ನನ್ನದು ಯಾವಾಗಲೂ ಅವಸರದ ಕೈ. "ಏನ್ ಬೇ, ನಿನ್ನ ಎಳ್ಳು ತಲಿ ಬೋಳಿಸಿಕೊಂಡು ಬಂದಾವು?" ಎಂದು ಅಕ್ಕ ನಗುತ್ತಿದ್ದಳು.

ಹಬ್ಬದ ದಿನ ಎರಡೂ ಮನೆಯ ಮಕ್ಕಳನ್ನು ಚಕ್ಕಡಿಯಲ್ಲಿ ತುಂಬಿಕೊಂಡು ಜುಗೂಳದ ಹೊಳೆಗೆ ಹೋಗುತ್ತಿದ್ದೆವು. ನನ್ನವು ಮೂರು, ಆಕೆಯವು ಮೂರು. ಮಿಂದು, ದಂಡೆಯಲ್ಲಿ ಕೂತು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬೆರಕೆ ಪಲ್ಯ ಉಣ್ಣುವುದು. ನಮ್ಮ ಪಲ್ಯಕ್ಕೆ ಗಜ್ಜರಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೀಳುತ್ತಿದ್ದವು. ಹಾಗಾಗಿ ಅವ್ಯಾವುವೂ ಇಲ್ಲದ ಪಲ್ಯವನ್ನು ಮೊದಲು ಒಂದು ಸಣ್ಣ ಬೋಗುಣಿಯಲ್ಲಿ ಅಕ್ಕನ ಮನೆಯವರಿಗೆಂದು ಮಾಡಿಡುತ್ತಿದ್ದೆ. ಆ ದಿನ ಅಕ್ಕ ತನ್ನ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. "ವರ್ಷಕ್ಕೊಮ್ಮೆ ನನಗೂ ಸೂಟಿ" ಎನ್ನುತ್ತಿದ್ದಳು.

ಮಕ್ಕಳು ದೊಡ್ಡವರಾದರು. ಮೊದಲು ದೊಡ್ಡ ಹುಡುಗರು, "ಕಬ್ಬು ಕಡಿಯೂ ಗ್ಯಾಂಗ್ ಬಂದೈತಿ, ಆಗೂದಿಲ್ಲ" ಎಂದು ಬಿಟ್ಟರು. ಆಮೇಲೆ ಹುಡುಗಿಯರು ಗಂಡನ ಮನೆಗೆ ಹೋದರು. ಒಂದೊಂದು ವರ್ಷ ಒಂದೊಂದು ಜಾಗ ಖಾಲಿ... ಚಕ್ಕಡಿಯೂ ಹೋಯಿತು. ಕಡೆಗೆ ನಾವಿಬ್ಬರೇ ಟಂಟಂ ಹತ್ತಿ ಹೋಗುತ್ತಿದ್ದೆವು. ಹೊಳೆಯ ನೀರಿಗೆ ಕಾಲು ಬಿಟ್ಟು, ಯಾವ ಮಗ ಎಲ್ಲಿ ಜಾರಿ ಬಿದ್ದ, ಯಾವ ಮಗಳು ಯಾರ ಬೋರೆಹಣ್ಣು ಕದ್ದಳು ಎಂದು ಹೇಳಿದ್ದನ್ನೇ ಹೇಳಿ ನಗುತ್ತಿದ್ದೆವು.

ಹೋದ ವರ್ಷದ ಸಂಕ್ರಮಣಕ್ಕೆ, ಎಷ್ಟೋ ವರ್ಷಗಳ ಮೇಲೆ, ನನ್ನ ಮಕ್ಕಳೆಲ್ಲ ಒಟ್ಟಿಗೆ ಬಂದರು. ಸಣ್ಣ ಸೊಸೆಗೆ ಆಗ ಮೂರು ತಿಂಗಳು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಕಾರು ಬಾಗಿಲಿಗೆ ಬಂದಾಗ ಅಕ್ಕ ಒಗೆದ ಸೀರೆ ಉಟ್ಟು, ಕೈಯಲ್ಲಿ ಟವೆಲ್ಲಿನ ಚೀಲ ಹಿಡಿದು ತನ್ನ ಕಟ್ಟೆಯಿಂದ ಇಳಿದಳು. ಅವಳ ಮಗ ಸೊಸೆ ಹಬ್ಬಕ್ಕೆ ಸೊಸೆಯ ತವರಿಗೆ ಹೋಗಿದ್ದರು. ಕಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಮಗ, "ಕಾಕು, ಸೀಟ್ ಇಲ್ರಿ. ಮುಂದಿನ ವರ್ಷ ನಿಮ್ಮನ್ನ ಮುಂದಿನ ಸೀಟಿಗೇ ಕುಂದರಸ್ತೀನಿ" ಎಂದ.

ನಾನು ಇಳಿಯಬಹುದಿತ್ತು. ಇಳಿಯಲಿಲ್ಲ. ಕಿಟಕಿಯಿಂದಲೇ, "ಅಕ್ಕಾ, ನಾಕ ಹೊಡಿಯೂದರಾಗ ಬರ್ತೀನಿ, ಕೂಡಿ ಉಣ್ಣೂಣು" ಎಂದೆ.

"ಹೋಗ್ ಬಾ ಬೇ, ಮಕ್ಕಳು ಬಂದಾವು. ನಾ ಎಲ್ಲಿ ಓಡಿ ಹೋಗ್ತೀನಿ?" ಎಂದು ಕೈ ಬೀಸಿದಳು.

ಹೊಳೆಗೆ ಹೋಗಿ ಬುಟ್ಟಿ ಬಿಚ್ಚಿದಾಗ ತಳದಲ್ಲಿ ಅಕ್ಕನ ಬೋಗುಣಿ ಇತ್ತು. ಪ್ರತಿ ವರ್ಷದ ರೂಢಿಯಂತೆ ನನ್ನ ಕೈಯೇ ಅದನ್ನು ಬುಟ್ಟಿಗೆ ಇಟ್ಟಿತ್ತು. ಅಕ್ಕನ ಊಟ ನನ್ನ ಹತ್ತಿರವೇ ಉಳಿದಿತ್ತು. ಆದರೂ ನಾಲ್ಕಕ್ಕೆ ಹೋಗುತ್ತೇವಲ್ಲ ಎಂದುಕೊಂಡೆ. ಮಕ್ಕಳು ಫೋಟೊ ಎಂದರು, ದೋಣಿ ಹತ್ತೋಣ ಎಂದರು. ನಾನೂ ನಗುತ್ತಾ ಹತ್ತಿದೆ... ಊರು ಮುಟ್ಟಿದಾಗ ಓಣಿಯ ದೀಪ ಹತ್ತಿದ್ದವು.

ಅಕ್ಕ ಅದೇ ಸೀರೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದಳು. ನಾನು ಬೋಗುಣಿ ಹಿಡಿದು ಅವಳ ಮುಂದೆ ನಿಂತೆ.

"ಹೊತ್ತ ಮುಳುಗಿತಲ್ಲ ಬೇ. ಇರ್ಲಿ, ನಾಳೆ ತಿಂತೀನಿ. ಪಲ್ಯಾ ಏನ್ ಹೊಳಿಗಿ ಹಾರ್ತೈತೇನ? ಹುಡುಗೂರು ಈಸು ಬಿದ್ರೇನ, ಅದನ್ನ ಹೇಳ" ಎಂದಳು. ಅವಳ ತುಟಿ ಒಣಗಿತ್ತು.

ಬೈದಿದ್ದರೆ ನಾನೂ ಅತ್ತು, ತಪ್ಪಾಯಿತು ಎಂದು ಹಗುರಾಗುತ್ತಿದ್ದೆ. ಬೈಯಲಿಲ್ಲ. ನಾನೂ ಆ ಮಾತು ತೆಗೆಯಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಮಳೆಗಾಲ ಬಂತು, ಕೂಸು ಹುಟ್ಟಿತು. ನನಗಿಂತ ಹೆಚ್ಚು ಕುಣಿದವಳು ಅಕ್ಕ. ದೀಪಾವಳಿ ಮುಗಿದು ಥಂಡಿ ಬಿದ್ದದ್ದೇ ತಡ, ನನ್ನನ್ನೂ ಕೇಳದೆ ಎಳ್ಳು ಹಿಡಿದು ಕೂತಳು. ಐದನೆಯ ದಿನ ಈ ಡಬ್ಬಿ ತಂದು ನನ್ನ ಕೈಯಲ್ಲಿಟ್ಟಳು.

"ಮುಳ್ಳು ಇನ್ನ ಎದ್ದಿಲ್ಲ. ನನ್ನ ಕೈ ಯಾಕೋ ನಡಗಾಕತ್ತೈತಿ. ಉಳದದ್ದು ನೀ ಮಾಡು. ಬೋಳು ಮಾಡಬ್ಯಾಡ ಮತ್ತ."

ಎಂಟು ದಿನವಾಗಿರಲಿಲ್ಲ, ಒಂದು ಬೆಳಿಗ್ಗೆ ಅಕ್ಕ ಹಾಸಿಗೆಯಿಂದ ಏಳಲೇ ಇಲ್ಲ.

ಉಳಿದದ್ದನ್ನು ನಾನೇ ಮಾಡಿದೆ. ಒಂದು ಕೈಯಲ್ಲಿ ಪಾಕ ಬಿಡುತ್ತಾ, ಇನ್ನೊಂದು ಕೈಯಲ್ಲಿ ಆಡಿಸುತ್ತಾ. ಜೀವಮಾನದಲ್ಲಿ ಮೊದಲ ಸಲ ಅವಸರ ಮಾಡಲಿಲ್ಲ. ಮುಳ್ಳು ಎದ್ದವು. ಯಾರಿಗೆ ತೋರಿಸಲಿ?

ಮೊನ್ನೆ ಕೂಸಿಗೆ ಕರಿ ಅಂಗಿಯ ಮೇಲೆ ಬಿಳಿ ಹಾರ ಹಾಕಿದಾಗ ಚಂದ್ರನಂತೆ ಕಂಡಿತು. ಬೋರೆಹಣ್ಣು ತಲೆಯ ಮೇಲೆ ಬಿದ್ದಾಗ ಅಳಲಿಲ್ಲ, ಕಿಲಕಿಲ ನಕ್ಕಿತು. ಆರತಿ ಮುಗಿಸಿ ಒಳಗೆ ಬಂದು ನೋಡುತ್ತೇನೆ, ಒಲೆಯ ಬದಿಗೆ ಆ ಸಣ್ಣ ಬೋಗುಣಿ. ಗಜ್ಜರಿ ಇಲ್ಲದ, ಬೆಳ್ಳುಳ್ಳಿ ಇಲ್ಲದ ಪಲ್ಯ. ಬೆಳಿಗ್ಗೆ ಯಾವಾಗ ಮಾಡಿಟ್ಟೆನೋ ನನಗೇ ನೆನಪಿಲ್ಲ.

ಹೊರಗೆ ನೋಡಿದೆ. ಹೊತ್ತು ಇನ್ನೂ ಇತ್ತು. ಸೆರಗಿನಲ್ಲಿ ಮುಚ್ಚಿಕೊಂಡು ಓಡಿದಂತೆಯೇ ಬಾಜೂಮನೆಗೆ ಹೋದೆ. ಅಕ್ಕನ ಸೊಸೆ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಸೂತಕದ ವರ್ಷ, ಅವರಿಗೆ ಹಬ್ಬವಿಲ್ಲ. ಬೋಗುಣಿ ನೋಡಿ ಅವಳ ಕಣ್ಣು ತುಂಬಿದವು.

"ಅತ್ತಿ ಹೋದ ವರ್ಷದ್ದು ಹೇಳಿದ್ದೇ ಹೇಳಿದ್ರು, ಚಿಗವ್ವಾ. ನಾವು ಊರಿಂದ ಬಂದ ಕೂಡ್ಲೆ ಕೇಳಿದ್ನಿ, ಹಬ್ಬ ಹ್ಯಾಂಗಾತ್ರಿ ಅಂತ. 'ತಂಗಿ ಕಾರಿನಾಗ ಕರಕೊಂಡು ಹೋಗಿದ್ಲು, ಹೊಳಿ ದಂಡಿಗಿ ಕುಂತು ಹೊಟ್ಟಿ ತುಂಬ ಉಂಡೆ' ಅಂದ್ರು. ಕಾರಿನ ಮುಂದಿನ ಸೀಟ ಕೊಟ್ಟಿದ್ರಂತಲ್ಲ ಅವ್ರಿಗೆ?"

ಕಟ್ಟೆ ಹಿಡಿದು ಕೂತೆ. ಇಡೀ ದಿನ ಉಪವಾಸ ಕೂರಿಸಿದವಳ ಮಾನವನ್ನು ಅಕ್ಕ ತನ್ನ ಸೊಸೆಯ ಮುಂದೂ ಬಿಟ್ಟುಕೊಟ್ಟಿರಲಿಲ್ಲ...

"ಹೌದವ್ವಾ," ಎಂದೆ. "ಹೊಟ್ಟಿ ತುಂಬ ಉಂಡ್ಳು."

ಅವಳು ಒಳಗಿನಿಂದ ರೊಟ್ಟಿ ತಂದಳು. ನಾವಿಬ್ಬರೂ ಅದೇ ಬೋಗುಣಿಗೆ ಕೈ ಹಾಕಿ ಉಂಡೆವು. ಎದುರಿನ ಗೋಡೆಯ ಮೇಲೆ ಇನ್ನೂ ಒಂದು ಮೊಳ ಬಿಸಿಲಿತ್ತು. ಆ ಬಿಸಿಲು ಹೋಗುವವರೆಗೂ ನಾನು ಅಕ್ಕ ಕೂತಿದ್ದ ಜಾಗದಲ್ಲಿಯೇ ಕೂತಿದ್ದೆ. ನಮ್ಮ ಮನೆಯೊಳಗಿಂದ ಕೂಸಿನ ನಗು ಕೇಳಿಸುತ್ತಿತ್ತು.