ತಾಡಪತ್ರಿಯ ಡೇರೆ

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಯಾರೂ ಇಲ್ಲದ ಕಡೆ ಮರಗಳ ನಡುವೆ ಡೇರೆ ಹಾಕಿಕೊಂಡು ಒಂದು ರಾತ್ರಿ ಕಳೆದರೆ ಹೇಗಿರುತ್ತದೆ ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇತ್ತು. ಕಡೆಗೊಮ್ಮೆ ಐರಣಿಯ ಹತ್ತಿರ, ಹೊಳೆದಂಡೆಯಲ್ಲಿರುವ ತಂಗಿಯ ಗಂಡನ ನೀಲಗಿರಿ ತೋಪಿಗೆ ತಂಗಿ, ಅವಳ ಗಂಡ, ನಾನು ಮೂವರೂ ಹೋದೆವು. ಅಲ್ಲಿ ಲೈಟಿಲ್ಲ, ನಳ ಇಲ್ಲ. ಅಂಗಡಿಯ ಡೇರೆ ಯಾಕೆ ಬೇಕು? ಮೆಣಸಿನಕಾಯಿ ಒಣಗಿಸುವ ತಾಡಪತ್ರಿಯನ್ನೇ ಒಯ್ದಿದ್ದೆ. ಎರಡು ಮರಗಳಿಗೆ ಹಗ್ಗ ಬಿಗಿದು ಅದನ್ನು ಇಳಿಬಿಟ್ಟೆ.

ಮಧ್ಯಾಹ್ನದ ಬಿಸಿಲಿಗೆ ತಾಡಪತ್ರಿ ಕಾಯಿತು. ಒಳಗೆ ಕಾಲಿಟ್ಟ ತಂಗಿಯ ಗಂಡ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಹೊರಗೋಡಿದ. ತನ್ನದೇ ತೋಪಿನ ನೀಲಗಿರಿ ವಾಸನೆ ಇವನಿಗೆ ಆಗಿಬರುವುದಿಲ್ಲವೇ ಎಂದು ನಾನು ಒಳಗೇ ಕೂತು ಯೋಚಿಸಿದೆ.

“ಅಕ್ಕಾರ, ಇದು ಡೇರೆ ಅಲ್ರಿ, ಖಾರದ ಡಬ್ಬಿ! ನಿಮಗ ಘಾಟು ಬರಾಂಗಿಲ್ಲೇನ್ರಿ?” ಎಂದು ಹೊರಗಿನಿಂದ ಕೂಗಿದ.

ತಾಡಪತ್ರಿಗೆ ಮೂಗು ಹಚ್ಚಿ ಮೂಸಿದೆ. ಖರೇ ಹೇಳುತ್ತೇನೆ, ನನಗೆ ಏನೂ ಬರಲಿಲ್ಲ.

ಅದನ್ನು ದೂರ ಮಡಚಿಟ್ಟು, ಆ ರಾತ್ರಿ ಬರೀ ಮರಗಳ ಕೆಳಗೆ ಮಲಗಿದೆವು.

ಮರುದಿನ ಬ್ಯಾಡಗಿಗೆ ಬಂದು ಮನೆಯ ಬಾಗಿಲು ದೂಡಿದೆ. ಹೊಸ್ತಿಲಲ್ಲೇ ದೊಡ್ಡದೊಂದು ಸೀನು ಬಂತು.

ಒಳಗಿನಿಂದ ಅವ್ವ ಕೂಗಿದಳು: “ಯಾರೋ ಬ್ಯಾರೆ ಊರಿನವರು ಬಂದಾರ, ನೋಡ್ರಿ.”