ಅಳುವ ಸೀನು ಓಡಿಸುವವರು

ಕಳೆದ ವಾರ ನೋಡಿದ ಸಿನಿಮಾ ಹೇಗಿತ್ತು ಎಂದು ಪಕ್ಕದ ಮನೆಯವರು ಕೇಳಿದರು. ನಾನು ಏನು ಹೇಳಬೇಕು? ಎರಡೂವರೆ ಗಂಟೆಯ ಸಿನಿಮಾವನ್ನು ನನ್ನ ಗಂಡ ರಿಮೋಟಿನಲ್ಲಿ ಓಡಿಸಿ ಓಡಿಸಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿದ್ದರು. ಹೀರೋ ಒಂದು ರಾಶಿ ಜನರಿಗೆ ಹೊಡೆದ, ಆಮೇಲೆ ಯಾರೋ ಸತ್ತರು, ಯಾಕೆ ಸತ್ತರೋ ಗೊತ್ತಿಲ್ಲ, ಆಮೇಲೆ ಮತ್ತೆ ಹೊಡೆದ. ಇಷ್ಟು ಹೇಳಿದೆ. ಹಾಗಾದರೆ ಚೆನ್ನಾಗಿಲ್ಲ ಅಂತ ಆಯ್ತು ಎಂದರು ಅವರು. ಚೆನ್ನಾಗಿತ್ತೋ ಇಲ್ಲವೋ ನನಗಾದರೂ ಹೇಗೆ ಗೊತ್ತಾಗಬೇಕು!

ನನ್ನ ಗಂಡ ಗಲ್ಫಿನ ಕೆಲಸ ಮುಗಿಸಿ ಮೆಲ್ಕಾರಿನ ಮನೆಗೆ ಬಂದು ವರ್ಷವಾಯಿತು. ಅಲ್ಲಿದ್ದದ್ದು ಇಪ್ಪತ್ತು ವರ್ಷಕ್ಕೂ ಮೇಲೆ. ರಜೆಯಲ್ಲಿ ಬಂದರೆ ಮದುವೆ, ಭೂತಕೋಲ, ಬ್ಯಾಂಕು, ನೆಂಟರ ಮನೆ ಎಂದು ತಿಂಗಳು ಮುಗಿದೇ ಹೋಗುತ್ತಿತ್ತು. ಹಾಗಾಗಿ ಸಿನಿಮಾವನ್ನು ನಾನೊಬ್ಬಳೇ ನೋಡಿ, ಶುಕ್ರವಾರ ಫೋನಿನಲ್ಲಿ ಕತೆ ಹೇಳುತ್ತಿದ್ದೆ. ಆ ಕಡೆಯಿಂದ ‘ಹ್ಞಾಂ, ಹ್ಞಾಂ’ ಎಂದು ಕೇಳುತ್ತಿತ್ತು. ಈ ಮನುಷ್ಯ ಒಮ್ಮೆ ಊರಿಗೆ ಬರಲಿ, ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಒಂದು ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ನೋಡುವ, ಮತ್ತೆ ಅದರ ಬಗ್ಗೆ ಜಗಳ ಮಾಡುವ ಎಂದು ನನಗೆ ಆಸೆ. ಚಿನ್ನ ಕೇಳಲಿಲ್ಲ, ಬಂಗಲೆ ಕೇಳಲಿಲ್ಲ. ಕೇಳಿದ್ದು ಇದೊಂದೇ.

ಬಂದ ಮೇಲೆ ದೊಡ್ಡ ಟಿವಿ ತಂದರು, ಒಳ್ಳೆಯದೇ. ಆದರೆ ರಿಮೋಟು ಅವರ ಕೈಯಿಂದ ಇಳಿಯುವುದಿಲ್ಲ. ಫೈಟು ಪೂರ್ತಿ ಉಂಟು, ಕಾಮಿಡಿ ಪೂರ್ತಿ ಉಂಟು. ಸಿನಿಮಾದ ತಾಯಿ ಒಮ್ಮೆ ಕೆಮ್ಮಿದರೆ ಸಾಕು, ಇವರ ಹೆಬ್ಬೆರಳು ಗುಂಡಿಯ ಮೇಲೆ.

ಹೊಸದೊಂದು ಬಂದಿತ್ತು, ನಮ್ಮ ಕರಾವಳಿಯದ್ದೇ ಕತೆಯಂತೆ. ಡ್ರೋನಿನಲ್ಲಿ ಸಮುದ್ರ ತೋರಿಸಿದ್ದೇ ತೋರಿಸಿದ್ದು. ಎಲ್ಲರೂ ಮಾತಿಗೊಂದು ‘ಎಂತ ಮಾರಾಯ’ ಸೇರಿಸುತ್ತಾರೆ, ನಾವು ಬೇರೆ ಮಾತೇ ಆಡುವುದಿಲ್ಲವೋ ಎಂಬ ಹಾಗೆ. ಅಂಥದ್ದನ್ನು ಇವರು ಕಣ್ಣು ಮಿಟುಕಿಸದೆ ನೋಡಿದರು, ತಂಗಿಯನ್ನು ಗಂಡನ ಮನೆಗೆ ಕಳುಹಿಸುವ ಜಾಗವೊಂದನ್ನು ಬಿಟ್ಟು. ಮಲಯಾಳದ್ದೊಂದು ಬಹಳ ಒಳ್ಳೆಯದುಂಟು, ಅಪ್ಪ ಮಗ ಮಾತು ಬಿಟ್ಟ ಕತೆ ಎಂದು ಯಾರೋ ಹೇಳಿದ್ದರು. ಅದು ನನ್ನ ಚಹಾ ಆರುವ ಮೊದಲೇ ಮುಗಿಯಿತು. ಹಳೆಯ ಕಪ್ಪುಬಿಳುಪಿನದ್ದಂತೂ ಕೇಳುವುದೇ ಬೇಡ. ಅದರಲ್ಲಿ ಮುಕ್ಕಾಲು ಪಾಲು ಅಳುವೇ. ಕೊನೆಗೆ ನನಗೆ ನೋಡಲು ಸಿಕ್ಕಿದ್ದು ಹೆಸರುಗಳು ಮತ್ತು ‘ಶುಭಂ’.

ಟಿವಿ ಬೇಡವೇ ಬೇಡ, ಥಿಯೇಟರಿನಲ್ಲಿ ಹೇಗೆ ಓಡಿಸುತ್ತಾರೆ ನೋಡುವ ಎಂದು ಮೂಡುಬಿದಿರೆಗೆ ಕರೆದುಕೊಂಡು ಹೋದೆ. ಅಲ್ಲಿ ಹೀರೋನ ತಾಯಿ ಹಾಸಿಗೆ ಹಿಡಿದಳು. ಇವರು ಎದ್ದರು. ಸಾಲಿನಲ್ಲಿ ಕೂತವರ ಕಾಲೆಲ್ಲ ತುಳಿದುಕೊಂಡು ಹೊರಗೆ ಹೋಗಿ, ತಾಯಿ ಸತ್ತು ಬೂದಿಯಾದ ಮೇಲೆ ಪಾಪ್‌ಕಾರ್ನ್ ಹಿಡಿದು ಬಂದರು. ಹಿಂದಿನ ಸೀಟಿನವರು ಬೈದದ್ದು ನನಗೆ ಕೇಳಿಸಿತು. ಮರ್ಯಾದೆ ಹೋಯಿತು. ಮನೆ ತಲುಪುವವರೆಗೆ ನಾನು ಮಾತಾಡಲಿಲ್ಲ, ಇವರು ಅದನ್ನು ಗಮನಿಸಲೂ ಇಲ್ಲ. ಮಗಳಿಗೆ ಫೋನು ಮಾಡಿ ದೂರು ಹೇಳಿದರೆ, ಅಮ್ಮ ನೀನು ನಿನ್ನ ಮೊಬೈಲಿನಲ್ಲಿ ಬೇರೆ ನೋಡು ಎಂದು ಉಪದೇಶ ಮಾಡಿದಳು. ಒಬ್ಬಳೇ ನೋಡುವುದಾದರೆ ಇವರು ಗಲ್ಫಿನಿಂದ ಬಂದದ್ದು ಯಾಕೆ?

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಾಗ ಯೂಟ್ಯೂಬಿನಲ್ಲಿ ಹಳೆಯದೊಂದು ಸಿನಿಮಾ ಸಿಕ್ಕಿತು. ಮಗಳು ಹೊಟ್ಟೆಯಲ್ಲಿದ್ದಾಗ ಅಳದಂಗಡಿಯ ತವರಿನಲ್ಲಿ ಸಿಡಿ ತಂದು ನೋಡಿದ್ದೆ. ದೊಡ್ಡ ಸಿನಿಮಾ ಏನಲ್ಲ. ಹೀರೋ ಅಳುವಾಗಲೂ ಕೂದಲು ಸರಿ ಮಾಡಿಕೊಳ್ಳುತ್ತಾನೆ. ಆದರೆ ಅದರಲ್ಲೊಂದು ಸೀನಿದೆ. ನರ್ಸು ಹೊರಗೆ ಬಂದು ಮಗುವನ್ನು ಅಪ್ಪನ ಕೈಗೆ ಕೊಡುತ್ತಾಳೆ, ಅವನಿಗೆ ಹಿಡಿಯಲು ಬರುವುದಿಲ್ಲ. ಅದಕ್ಕಾಗಿ ಕಾದು ಕೂತಿದ್ದೆ. ಆಸ್ಪತ್ರೆಯ ಬಾಗಿಲು ತೆರೆಯಿತು, ನರ್ಸು ಬಂದಳು, ಹೆಬ್ಬೆರಳು ಇಳಿಯಿತು. ಹುಟ್ಟಿದ ಮಗು ನೋಡನೋಡುತ್ತ ಬ್ಯಾಗು ಹಾಕಿಕೊಂಡು ಶಾಲೆಗೆ ಹೊರಟಿತ್ತು.

ನನಗೆ ಪಿತ್ತ ನೆತ್ತಿಗೇರಿತು. ‘ನಮ್ಮ ಮಗಳು ಹುಟ್ಟಿದ್ದನ್ನಂತೂ ನೋಡ್ಲಿಲ್ಲ. ಸಿನಿಮಾದ ಮಗುವನ್ನಾದ್ರೂ ನೋಡ್ಬಾರ್ದಾ ನಿಮಗೆ?’ ಎಂದೆ.

ಅವರು ಸಿನಿಮಾವನ್ನು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ‘ರೂಮಿನ ಅಭ್ಯಾಸ ಅದು’ ಎಂದರು.

ಅಲ್ಲಿ ಗಲ್ಫಿನ ಅವರ ರೂಮಿನಲ್ಲಿ ಊರೂರಿನ ಗಂಡಸರು, ಒಂದು ಟಿವಿ, ಒಂದು ಬಾತ್‌ರೂಮು. ಆಂಧ್ರದ ಕಡೆಯವನೊಬ್ಬನ ತಾಯಿ ತೀರಿಹೋಗಿದ್ದರಂತೆ, ಅವನಿಗೆ ರಜೆ ಸಿಕ್ಕಿರಲಿಲ್ಲ. ಸ್ವಲ್ಪ ದಿನ ಕಳೆದು ಎಲ್ಲರೂ ಊಟ ಮಾಡುತ್ತ ಸಿನಿಮಾ ನೋಡುವಾಗ ಅದರಲ್ಲಿ ತಾಯಿ ಸಾಯುವ ಸೀನು ಬಂತು. ಅವನು ತಟ್ಟೆ ಕೆಳಗಿಟ್ಟು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದವನು ಸಿನಿಮಾ ಮುಗಿಯುವವರೆಗೆ ಹೊರಗೆ ಬರಲಿಲ್ಲ. ಯಾರೂ ಬಾಗಿಲು ಬಡಿಯಲಿಲ್ಲವಂತೆ. ಆವತ್ತಿನಿಂದ ರೂಮಿನಲ್ಲೊಂದು ಕಟ್ಟಳೆ: ತಾಯಿ, ಮಗು, ಮನೆಯಿಂದ ಹೊರಡುವುದು, ಈ ಮೂರು ಬಂದರೆ ಓಡಿಸಬೇಕು. ರಿಮೋಟು ಇವರ ಮಂಚದ ಹತ್ತಿರ ಇರುತ್ತಿತ್ತು.

‘ಎಲ್ಲಿ ಒತ್ತಬೇಕು ಅಂತ ಗೊತ್ತಾಗ್ಬೇಕಾದ್ರೆ ನಾನು ನೋಡ್ಲೇಬೇಕಲ್ಲ’ ಎಂದರು. ‘ಹೊಸ ಸಿಡಿ ಬಂದ್ರೆ ಮೊದಲು ನಾನೊಬ್ಬನೇ ನೋಡಿ ಇಡ್ತಿದ್ದೆ.’

ಇದನ್ನು ಬಂದ ದಿನವೇ ಹೇಳಿದ್ದರೆ ನಾನು ಒಂದು ವರ್ಷ ಗಂಟಲು ಹರಿದುಕೊಳ್ಳಬೇಕಿತ್ತೇ? ಪಾಪ ಅನಿಸಿತು. ಸಿಟ್ಟು ಮಾತ್ರ ಪೂರ್ತಿ ಹೋಗಲಿಲ್ಲ.

ಅವರೇ ಸೀನನ್ನು ಹಿಂದಕ್ಕೆ ತಂದರು. ನರ್ಸು ಮತ್ತೊಮ್ಮೆ ಹೊರಗೆ ಬಂದಳು, ಹೀರೋ ಮಗುವನ್ನು ಹೇಗೆ ಹೇಗೋ ಹಿಡಿದ. ಇವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಸೀನು ಮುಗಿದ ಮೇಲೆ ಕೇಳಿದರು, ‘ನಮ್ಮ ಮಗುವನ್ನು ಮೊದಲು ಯಾರ ಕೈಗೆ ಕೊಟ್ಟದ್ದು?’

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಹೆಣ್ಣು ಮಗು, ಇಬ್ಬರೂ ಕ್ಷೇಮ, ಅಷ್ಟೇ ಆವತ್ತು ಫೋನಿನಲ್ಲಿ ಹೇಳಿದ್ದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ನರ್ಸು ಹೊರಗೆ ಹೋಗಿ ಮಗುವಿನ ಅಪ್ಪ ಯಾರು ಎಂದು ಕೇಳಿದಳು. ಬೆಂಚಿನಲ್ಲಿ ಕೂತಿದ್ದ ನನ್ನ ಅಣ್ಣ ಎದ್ದು ಕೈ ಚಾಚಿದ. ತಾನು ಅಪ್ಪನಲ್ಲ ಎಂದು ಅವನು ಹೇಳಲಿಲ್ಲ.

‘ಭಾವ ಹೋದದ್ದು ಒಳ್ಳೆದಾಯ್ತು’ ಎಂದರು. ‘ಯಾರಾದ್ರೂ ಒಬ್ರು ಎದ್ದು ಹೋದ್ರಲ್ಲ, ಸಾಕು.’

ಸಾಕಂತೆ. ಈ ಮನುಷ್ಯ ಎಲ್ಲದಕ್ಕೂ ಸಾಕು ಎನ್ನುತ್ತಲೇ ಅಷ್ಟು ವರ್ಷ ಕಳೆದದ್ದು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

‘ಸಾಕಾಗಲಿಲ್ಲ ಮಾರಾಯ್ರೆ’ ಎಂದೆ. ‘ನರ್ಸು ಕೇಳಿದ್ದು ಒಳಗೆ ಮಲಗಿದ್ದ ನನಗೂ ಕೇಳಿಸಿತ್ತು. ನೀವೇ ಎದ್ದು ಹೋಗ್ಬೇಕಿತ್ತು.’